ಹಳೆಯದರ ಪಕ್ಕದಲ್ಲಿ ಹೊಸದು: ಕನ್ನಡ ಕಾದಂಬರಿಯ ಓದು

ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ವಿಮರ್ಶಕರು ಬಹುಮಟ್ಟಿಗೆ ಒಪ್ಪಿರುವ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಗದ್ಯಕಥನದ ಪ್ರಯತ್ನಗಳು ಅದಕ್ಕೂ ಹಿಂದಿನವು. ಮೈಸೂರಿನ ಕೆಂಪುನಾರಾಯಣ 1823ರಲ್ಲೇ ‘ಮುದ್ರಾಮಂಜೂಷ’ ಬರೆದಿದ್ದ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಕಾದಂಬರಿಗಳನ್ನು ಬಂಗಾಳಿಯಿಂದ ತಂದು ಮೈಸೂರು ಸೀಮೆಯ ಓದುಗರಿಗೆ ಕಥೆಯ ರುಚಿ ಹತ್ತಿಸಿದರು. ಉತ್ತರದಲ್ಲಿ ಗಳಗನಾಥರು ಮರಾಠಿಯ ಹರಿನಾರಾಯಣ ಆಪ್ಟೆಯವರನ್ನು ಕನ್ನಡಿಸಿದರು. ಅಚ್ಚಾದ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಕಾದಂಬರಿಗೆ ಓದುಗರನ್ನು ಹುಟ್ಟಿಸುವುದೂ ಆಗ ಲೇಖಕನ ಕೆಲಸವೇ ಆಗಿತ್ತು.

ಅಲ್ಲಿಂದೀಚೆಗೆ ಬಂದ ಕಾದಂಬರಿಗಳನ್ನು ನವೋದಯ, ಪ್ರಗತಿಶೀಲ, ನವ್ಯ, ದಲಿತ-ಬಂಡಾಯ ಎಂದು ವಿಂಗಡಿಸುವುದು ತರಗತಿಗಳಲ್ಲಿ ರೂಢಿಯಾಗಿದೆ. ನೆನಪಿಟ್ಟುಕೊಳ್ಳಲು ಈ ವಿಂಗಡಣೆ ಅನುಕೂಲ. ಆದರೆ ಶಿವರಾಮ ಕಾರಂತರಂಥ ಲೇಖಕರು ಇವುಗಳಲ್ಲಿ ಯಾವುದಕ್ಕೂ ಪೂರ್ತಿ ಒಗ್ಗುವುದಿಲ್ಲ. ನವ್ಯದ ಭರಾಟೆಯ ನಡುವೆ, 1967ರಲ್ಲಿ, ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಬಂತು ಎಂಬುದನ್ನೂ ಇದು ವಿವರಿಸಲಾರದು. ಓದುಗರು ಕಾಲಾನುಕ್ರಮದಲ್ಲಿ ಓದುವವರೂ ಅಲ್ಲ. ಹದಿಹರೆಯದಲ್ಲಿ ತೇಜಸ್ವಿಯವರನ್ನು ಓದಿದವರು ಎಷ್ಟೋ ವರ್ಷಗಳ ನಂತರ ಕಾರಂತರಿಗೆ ಬರುತ್ತಾರೆ. ಸಿನಿಮಾ ನೋಡಿ ತ್ರಿವೇಣಿಯವರ ಪುಸ್ತಕ ಹುಡುಕುತ್ತಾರೆ. ಹೀಗೆ ಹಿಂದುಮುಂದಾಗಿ ಓದುವುದರಲ್ಲಿ ಒಂದು ದೊಡ್ಡ ಲಾಭವಿದೆ. ಹೊಸ ಕಾದಂಬರಿಯೊಂದು ಹಳೆಯದಕ್ಕೆ ಹೊಸ ಪ್ರಶ್ನೆ ಹಾಕುತ್ತದೆ. ಆ ಪ್ರಶ್ನೆಗೆ ಉತ್ತರ ಹೇಳಬಲ್ಲ ಹಳೆಯ ಕೃತಿಯೇ ಉಳಿದುಕೊಳ್ಳುತ್ತದೆ.

‘ಇಂದಿರಾಬಾಯಿ’ಯನ್ನೇ ನೋಡಬಹುದು. ಕರಾವಳಿಯ ಸಾರಸ್ವತ ಸಮಾಜದ ಬಾಲವಿಧವೆಯೊಬ್ಬಳು ಡಾಂಭಿಕರ ಹಿಡಿತದಿಂದ ತಪ್ಪಿಸಿಕೊಂಡು, ವಿದ್ಯೆ ಕಲಿತು, ಇಂಗ್ಲೆಂಡಿನಲ್ಲಿ ಓದಿ ಬಂದ ಭಾಸ್ಕರರಾಯನನ್ನು ಮದುವೆಯಾಗುವ ಕಥೆ ಅದು. ಆ ಕಾಲಕ್ಕೆ ಅದೊಂದು ದಿಟ್ಟ ಕೃತಿ. 1903ರಲ್ಲೇ ಎಂ.ಇ. ಕೌಚ್‌ಮನ್ ಅದನ್ನು ಇಂಗ್ಲಿಷಿಗೆ ಅನುವಾದಿಸಿದರು. ವನಮಾಲಾ ವಿಶ್ವನಾಥ ಮತ್ತು ಶಿವರಾಮ ಪಡಿಕ್ಕಲ್ ಅವರ ಹೊಸ ಇಂಗ್ಲಿಷ್ ಅನುವಾದ 2019ರಲ್ಲಿ ಬಂತು. ಈಗಿನ ಓದುಗರ ಕಣ್ಣಿಗೆ ಬೀಳುವ ಸಂಗತಿಯೆಂದರೆ, ಇಂದಿರೆಯ ಬಿಡುಗಡೆಯ ದಾರಿಯನ್ನೆಲ್ಲ ಹಾಕಿಕೊಡುವವರು ಸುಧಾರಕ ಗಂಡಸರು. ಇಂಗ್ಲಿಷ್ ಶಿಕ್ಷಣ, ಕೋರ್ಟು-ಕಾನೂನು, ಸರ್ಕಾರಿ ಹುದ್ದೆ ಇವೆಲ್ಲ ಒಳ್ಳೆಯತನದ ಗುರುತುಗಳಾಗಿ ಬರುತ್ತವೆ. ಅದರ ಪಕ್ಕದಲ್ಲಿ ನಂಜನಗೂಡು ತಿರುಮಲಾಂಬ ಅವರ ‘ಸುಶೀಲೆ’ಯನ್ನು (1913) ಇಟ್ಟರೆ ಚಿತ್ರ ಇನ್ನಷ್ಟು ಜಟಿಲವಾಗುತ್ತದೆ. ತಿರುಮಲಾಂಬ ಸ್ವತಃ ಬಾಲವಿಧವೆ, ಪತ್ರಿಕೆ ನಡೆಸಿದ ಧೀರೆ. ಆದರೂ ಆ ಕಾದಂಬರಿ ಎತ್ತಿಹಿಡಿಯುವುದು ಪತಿವ್ರತೆಯ ಆದರ್ಶವನ್ನು. ವಿಧವೆಯ ಪರವಾಗಿ ಗಂಡಸು ಬರೆದದ್ದು ಬಿಡುಗಡೆಯನ್ನು, ವಿಧವೆಯೇ ಬರೆದದ್ದು ಸಂಯಮವನ್ನು. ಇದನ್ನು ಹಿಂದುಳಿದ ಮನಸ್ಸು ಎಂದು ತಳ್ಳಿಹಾಕುವುದು ಸುಲಭ. ಒಪ್ಪಿತವಾದ ಮಾತಿನ ಮರೆಯಲ್ಲಿ ನಿಂತು ಬರೆಯುವ ಹಕ್ಕನ್ನು ಗಳಿಸಿಕೊಂಡ ಹೆಣ್ಣಿನ ಕಷ್ಟವನ್ನು ಅದರಲ್ಲಿ ಕಾಣುವ ಓದು ಹೆಚ್ಚು ನ್ಯಾಯವಾದದ್ದು.

ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಇದೇ ವಸ್ತುವನ್ನು ಬೇರೆ ತುದಿಯಿಂದ ಹಿಡಿಯುತ್ತದೆ. ಲೇಖಕಿಯ ಬಂಧುವೇ ಆಗಿದ್ದ ಮಲೆನಾಡಿನ ಒಬ್ಬ ಹೆಣ್ಣುಮಗಳ ನಿಜ ಬದುಕು ಇದರ ಆಧಾರ. ಒಂಬತ್ತನೇ ವಯಸ್ಸಿಗೆ ಗಂಡನನ್ನು ಕಳೆದುಕೊಂಡ ಫಣಿಯಮ್ಮ ನೂರ ಹನ್ನೆರಡು ವರ್ಷ ಬಾಳುತ್ತಾಳೆ. ಅವಳ ಮನೆಗೆ ಯಾವ ಸುಧಾರಕನೂ ಬರುವುದಿಲ್ಲ. ಮಡಿ ಉಟ್ಟು, ಎಲ್ಲರ ಬಾಣಂತನ ಮಾಡಿ, ಹೆರಿಗೆ ಮಾಡಿಸುವುದನ್ನು ಕಲಿತು, ಕಷ್ಟದ ಹೆರಿಗೆ ಎಂದು ತಿಳಿದಾಗ ಜಾತಿಯ ಗೆರೆ ದಾಟಿ ಹೋಗುವಷ್ಟು ಸ್ವತಂತ್ರಳಾಗುತ್ತಾಳೆ. ತಲೆ ಬೋಳಿಸಿಕೊಳ್ಳಲು ಒಲ್ಲದ ಎಳೆಯ ವಿಧವೆ ದಾಕ್ಷಾಯಿಣಿಯ ಪರವಾಗಿ ನಿಲ್ಲುವವಳೂ ಈ ಮಡಿಹೆಂಗಸೇ. ಸುಧಾರಣೆಯ ಕಾದಂಬರಿಗಳಲ್ಲಿ ಬದಲಾವಣೆ ಹೊರಗಿನಿಂದ ಬರುತ್ತದೆ. ಇಲ್ಲಿ ಅದು ಅಡುಗೆಮನೆ, ಬಾಣಂತಿಕೋಣೆಗಳಲ್ಲಿ ಸದ್ದಿಲ್ಲದೆ ಬಲಿಯುತ್ತದೆ. ‘ಇಂದಿರಾಬಾಯಿ’ಯ ಕರಾವಳಿಯದೇ ಆದ ಕಾಸರಗೋಡಿನ ಕಡೆಯಿಂದ ಸಾರಾ ಅಬೂಬಕ್ಕರ್ ‘ಚಂದ್ರಗಿರಿಯ ತೀರದಲ್ಲಿ’ಯನ್ನು ಬರೆದಾಗ, ತಲಾಖಿನ ಕಟ್ಟಳೆಗೆ ಸಿಕ್ಕಿ ಸಾಯುವ ನಾದಿರಾಳ ಕಥೆ ಮತ್ತೊಂದು ಸಮುದಾಯದ ಒಳಮನೆಯನ್ನು ಮೊದಲ ಬಾರಿಗೆ ಹೆಣ್ಣಿನ ಕಣ್ಣಿನಿಂದ ತೋರಿಸಿತು. ‘ಇಂದಿರಾಬಾಯಿ’ ಎತ್ತಿದ ಪ್ರಶ್ನೆ ಒಂದು ಜಾತಿಯದ್ದಷ್ಟೇ ಆಗಿರಲಿಲ್ಲ ಎಂಬುದು ನಾದಿರಾಳ ಕಥೆ ಓದಿದ ಮೇಲೆ ಮನದಟ್ಟಾಗುತ್ತದೆ.

ಇಂಥ ಜೋಡಿ ಓದಿಗೆ ಅತ್ಯಂತ ಫಲವತ್ತಾದ ಉದಾಹರಣೆ ‘ಚೋಮನ ದುಡಿ’ ಮತ್ತು ‘ಕುಸುಮಬಾಲೆ’. ಕಾರಂತರ ‘ಚೋಮನ ದುಡಿ’ 1933ರಲ್ಲಿ ಬಂತು. ಚೋಮನಿಗೆ ಇರುವುದು ಒಂದೇ ಆಸೆ: ತುಂಡು ಭೂಮಿ ಹಿಡಿದು ಬೇಸಾಯ ಮಾಡಬೇಕು. ಎತ್ತು ಇದೆ, ತೋಳಿನಲ್ಲಿ ಬಲವಿದೆ. ಹೊಲೆಯ ಸಾಗುವಳಿ ಮಾಡಬಾರದು ಎಂಬ ಕಟ್ಟಳೆ ಮಾತ್ರ ಅಡ್ಡ. ಒಡೆಯ ಸಂಕಪ್ಪಯ್ಯನ ಮನಸ್ಸು ಒಂದು ಗಳಿಗೆ ಕರಗಿದರೂ ತಾಯಿಯ ಮಾತು ಅದನ್ನು ಮತ್ತೆ ಕಲ್ಲಾಗಿಸುತ್ತದೆ. ಸಾಲ ತೀರಿಸಲು ಮಕ್ಕಳು ಕಾಫಿ ತೋಟಕ್ಕೆ ಹೋಗುತ್ತಾರೆ. ಒಬ್ಬ ಜ್ವರದಿಂದ ಸಾಯುತ್ತಾನೆ, ಒಬ್ಬ ಕ್ರೈಸ್ತನಾಗುತ್ತಾನೆ. ಇನ್ನೊಬ್ಬ ನೀರಿನಲ್ಲಿ ಮುಳುಗುವಾಗ ಮುಟ್ಟಿದರೆ ಮೈಲಿಗೆ ಎಂದು ಯಾರೂ ಕೈ ಚಾಚುವುದಿಲ್ಲ. ಕೊನೆಗೆ ಚೋಮ ದುಡಿ ಬಾರಿಸುತ್ತಲೇ ಪ್ರಾಣ ಬಿಡುತ್ತಾನೆ. ಕಾರಂತರು ಕಣ್ಣೀರಿಗೆ ಜಾಗ ಕೊಡದೆ, ಲೆಕ್ಕ ಒಪ್ಪಿಸುವಷ್ಟು ನಿಷ್ಠುರವಾಗಿ ಇದನ್ನೆಲ್ಲ ಹೇಳುತ್ತಾರೆ. ಕೃತಿಯ ಶಕ್ತಿ ಇರುವುದೇ ಅಲ್ಲಿ.

ಐವತ್ತು ವರ್ಷಗಳ ನಂತರ ದೇವನೂರ ಮಹಾದೇವ ಅವರ ‘ಒಡಲಾಳ’ ಮತ್ತು ‘ಕುಸುಮಬಾಲೆ’ ಬಂದಾಗ ‘ಚೋಮನ ದುಡಿ’ಯಲ್ಲಿ ಇಲ್ಲದಿದ್ದದ್ದು ಏನೆಂಬುದು ತಿಳಿಯಿತು. ಚೋಮನ ದುಃಖ ದೊಡ್ಡದು, ನಿಜ. ಆದರೆ ಅವನ ನಗು, ಅವನ ಕೇರಿಯ ಹರಟೆ, ಅವನ ದೇವರು-ದೆವ್ವಗಳು ಆ ಕಾದಂಬರಿಯಲ್ಲಿ ಹೆಚ್ಚಾಗಿ ಕಾಣುವುದಿಲ್ಲ. ‘ಒಡಲಾಳ’ದ ಸಾಕವ್ವ ಕಳೆದುಹೋದ ಹುಂಜವನ್ನು ಹುಡುಕುತ್ತಾಳೆ, ಕದ್ದು ತಂದ ಕಡಲೆಕಾಯಿ ತಿನ್ನುತ್ತ ಮನೆಮಂದಿಯೆಲ್ಲ ಒಲೆಯ ಸುತ್ತ ಕುಳಿತ ರಾತ್ರಿಯಲ್ಲಿ ಹಸಿವೂ ಇದೆ, ಹಬ್ಬವೂ ಇದೆ. ‘ಕುಸುಮಬಾಲೆ’ಯಲ್ಲಿ ಮೇಲ್ಜಾತಿಯ ಕುಸುಮಳನ್ನು ಪ್ರೀತಿಸಿದ ದಲಿತ ಯುವಕ ಚನ್ನನ ಕೊಲೆಯಾಗಿದೆ. ಆ ಸುದ್ದಿಯನ್ನು ಮಂಚ ಹೇಳುತ್ತದೆ, ದೀಪದ ಜೋತಮ್ಮರು ಆಡಿಕೊಳ್ಳುತ್ತಾರೆ. ಚಾಮರಾಜನಗರ-ನಂಜನಗೂಡು ಸೀಮೆಯ ಆಡುನುಡಿಯಲ್ಲಿರುವ ಈ ಸಣ್ಣ ಪುಸ್ತಕ ಆರಂಭದಲ್ಲಿ ಎಷ್ಟೋ ಓದುಗರನ್ನು ತಡೆದು ನಿಲ್ಲಿಸಿತು. ಹಿರಿಯ ವಿದ್ವಾಂಸ ಎಲ್. ಬಸವರಾಜು ಅದರ ಗದ್ಯವನ್ನು ಪದ್ಯದ ಸಾಲುಗಳಂತೆ ಬಿಡಿಸಿ ಮತ್ತೊಂದು ರೂಪದಲ್ಲಿ ಪ್ರಕಟಿಸಿದರು. ಕಣ್ಣಿಗೆ ಕಷ್ಟವಾದದ್ದು ಕಿವಿಗೆ ಸರಾಗ ಎಂಬುದು ಆಗ ಸ್ಪಷ್ಟವಾಯಿತು. ಗಟ್ಟಿಯಾಗಿ ಓದಿಕೊಂಡರೆ ಈಗಲೂ ಅದರ ಅರ್ಧ ಕಷ್ಟ ಕರಗುತ್ತದೆ. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಇಷ್ಟರಿಂದ ‘ಚೋಮನ ದುಡಿ’ ಸಣ್ಣದಾಗುವುದಿಲ್ಲ. ಹೊರಗಿನಿಂದ ನೋಡಿದ ಕರುಣೆ ಎಂಬ ಆಕ್ಷೇಪಕ್ಕೆ ಆ ಕೃತಿಯೊಳಗೇ ಉತ್ತರವಿದೆ. ಚೋಮ ಕೇಳುವುದು ದಯೆಯನ್ನಲ್ಲ, ಭೂಮಿಯನ್ನು. 1974ರಲ್ಲಿ ಕರ್ನಾಟಕದ ಭೂಸುಧಾರಣಾ ಕಾಯ್ದೆಗೆ ದೊಡ್ಡ ತಿದ್ದುಪಡಿ ಬಂದು ಗೇಣಿದಾರರಿಗೆ ಹಕ್ಕು ಸಿಕ್ಕಾಗಲೂ, ಗೇಣಿಯನ್ನೇ ಪಡೆಯಲಾರದ ಚೋಮನಂಥವರ ಪಾಲಿಗೆ ಆ ಕಾನೂನು ಎಷ್ಟರ ಮಟ್ಟಿಗೆ ತಲುಪಿತು ಎಂಬ ಪ್ರಶ್ನೆಯನ್ನು ಈ ಕಾದಂಬರಿ ನಾಲ್ಕು ದಶಕ ಮೊದಲೇ ಎತ್ತಿಟ್ಟಿತ್ತು.

ಕುವೆಂಪು ವಿಷಯದಲ್ಲಿ ಎರಡನೆಯ ಕೃತಿಗಾಗಿ ಬೇರೆ ಲೇಖಕರತ್ತ ಹೋಗಬೇಕಾಗಿಲ್ಲ. 1936ರ ‘ಕಾನೂರು ಹೆಗ್ಗಡಿತಿ’ಯ ನಡುವೆ ನಿಂತಿರುವವನು ಓದಿದ, ಆದರ್ಶದ ತುಡಿತವಿರುವ ಜಮೀನ್ದಾರರ ಮನೆಯ ಹುಡುಗ ಹೂವಯ್ಯ. ಮೂವತ್ತೊಂದು ವರ್ಷಗಳ ನಂತರದ ‘ಮಲೆಗಳಲ್ಲಿ ಮದುಮಗಳು’ವಿನಲ್ಲಿ ಆ ನಡುಜಾಗವೇ ಖಾಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡು; ಜೀತದ ಆಳು ಗುತ್ತಿ, ಅವನ ಜೊತೆ ಬಿಡದ ನಾಯಿ ಹುಲಿಯ, ಅವನು ಹಾರಿಸಿಕೊಂಡು ಹೋಗುವ ತಿಮ್ಮಿ, ಮದುವೆಯ ರಾತ್ರಿ ಕಾಡಿಗೆ ಓಡುವ ಚಿನ್ನಮ್ಮ, ಅವಳಿಗೆ ದಾರಿಯಾಗುವ ಪೀಂಚಲು ಮತ್ತು ಐತ, ಮುಕುಂದಯ್ಯ ಹೀಗೆ ನೂರು ಬದುಕುಗಳು ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ಕಾದಂಬರಿಕಾರ ಯಾರ ಮೇಲೂ ಹೆಚ್ಚು ಹೊತ್ತು ಬೆಳಕು ಹಿಡಿಯುವುದಿಲ್ಲ. ಜಿಗಣೆ, ಮಳೆ, ಕಾಡುಹಂದಿಗಳಿಗೂ ಅಷ್ಟೇ ಗಮನ. ಕಥೆಯ ಎಳೆ ಬೇಗ ಸಿಗಲಿ ಎಂದು ಓದುವವರು ಮೊದಲ ನೂರು ಪುಟಗಳಲ್ಲೇ ಸೋಲುತ್ತಾರೆ. ಹೆಸರುಗಳು ಕಲಸಿಹೋಗುವುದಕ್ಕೆ ಹೆದರದೆ ಮುಂದುವರಿದವರಿಗೆ ಕಾಡಿನ ಒಳದಾರಿಗಳು ತಾವಾಗಿ ಪರಿಚಯವಾಗುತ್ತವೆ. ಮೇಲುಜಾತಿಯ ಜೋಡಿಗೂ ಕೆಳಜಾತಿಯ ಜೋಡಿಗೂ ಒಂದೇ ತೂಕದ ಪ್ರೀತಿಯನ್ನು ಕೊಟ್ಟಿರುವ ಈ ಕೃತಿ ಕನ್ನಡದ ಅತ್ಯಂತ ಪ್ರಜಾಸತ್ತಾತ್ಮಕ ಕಾದಂಬರಿ ಎಂದು ಹೇಳಿದರೆ ಅತಿಶಯವಾಗಲಾರದು. ಸಿ. ಬಸವಲಿಂಗಯ್ಯ ನಿರ್ದೇಶನದಲ್ಲಿ 2010ರಲ್ಲಿ ಮೈಸೂರಿನಲ್ಲಿ ಇದು ಇಡೀ ರಾತ್ರಿಯ ನಾಟಕವಾದಾಗ, ಪುಸ್ತಕ ಮುಟ್ಟದಿದ್ದವರೂ ಬೆಳಗಿನವರೆಗೆ ಕುಳಿತು ನೋಡಿದರು. ಹಲವರು ಆಮೇಲೆ ಪುಸ್ತಕಕ್ಕೆ ಹೋದರು.

1960ರ ದಶಕದಲ್ಲಿ ಕಾದಂಬರಿ ಗಾತ್ರದಲ್ಲಿ ಕುಗ್ಗಿತು, ದೃಷ್ಟಿ ಒಳಕ್ಕೆ ತಿರುಗಿತು. ಶಾಂತಿನಾಥ ದೇಸಾಯಿಯವರ ‘ಮುಕ್ತಿ’ (1961), ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965), ಲಂಕೇಶರ ‘ಬಿರುಕು’ (1967), ಗಿರಿಯವರ ‘ಗತಿ ಸ್ಥಿತಿ’ (1971) ಈ ತಿರುವಿನ ಮುಖ್ಯ ಗುರುತುಗಳು. ‘ಸಂಸ್ಕಾರ’ವನ್ನು ಅನಂತಮೂರ್ತಿ ಬರೆದದ್ದು ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ಮಾಡುತ್ತಿದ್ದಾಗ; ಪ್ರಕಟಿಸಿದ್ದು ಧಾರವಾಡದ ಮನೋಹರ ಗ್ರಂಥಮಾಲೆ. 1970ರ ಸಿನಿಮಾ ಮತ್ತು 1976ರ ಎ.ಕೆ. ರಾಮಾನುಜನ್ ಅನುವಾದ ಅದನ್ನು ಕನ್ನಡದಾಚೆಗೂ ಒಯ್ದವು. ಅದನ್ನು ಓದುವವರು ಹೆಚ್ಚಾಗಿ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರ ಅಂತರಂಗದ ತೊಳಲಾಟಕ್ಕೆ ಗಮನ ಕೊಡುತ್ತಾರೆ. ಕಾದಂಬರಿಯ ಇನ್ನೊಂದು ಎಳೆಯನ್ನು ಹಿಡಿದರೆ ಬೇರೆಯದೇ ಚಿತ್ರ ಕಾಣುತ್ತದೆ. ಆಚಾರ ಮೀರಿದ ನಾರಣಪ್ಪನ ಹೆಣ ಕೊಳೆಯುತ್ತಿದೆ, ಹೆಣ ಎತ್ತದೆ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ, ಶಾಸ್ತ್ರಗ್ರಂಥಗಳಲ್ಲಿ ಉತ್ತರವಿಲ್ಲ. ಆ ಹೊತ್ತಿಗೆ ನಾರಣಪ್ಪನ ಜೊತೆ ಬಾಳಿದ್ದ ಚಂದ್ರಿ ಒಬ್ಬ ಮುಸಲ್ಮಾನನ ನೆರವು ಪಡೆದು ರಾತ್ರಿಯಲ್ಲಿ ಹೆಣವನ್ನು ಸುಟ್ಟು ಊರು ಬಿಟ್ಟಾಗಿದೆ. ಇಡೀ ಅಗ್ರಹಾರ ತಲೆ ಕೆಡಿಸಿಕೊಂಡ ಪ್ರಶ್ನೆಯನ್ನು ಅವಳು ಎರಡು ಪುಟಗಳಲ್ಲಿ ಬಗೆಹರಿಸಿದ್ದಾಳೆ, ಆಚಾರ್ಯರಿಗೆ ಮಾತ್ರ ಅದು ಗೊತ್ತೇ ಇಲ್ಲ. ಚಂದ್ರಿಯ ಕಡೆಯಿಂದ ಓದುವ ಈ ಓದು ಸ್ತ್ರೀವಾದಿ ವಿಮರ್ಶೆ ಬಂದ ಮೇಲೆ ಬಲವಾಯಿತು. ಆಚಾರ್ಯರ ತೊಳಲಾಟ ಅವರನ್ನು ಬಿಟ್ಟು ಬೇರೆಯವರಿಗೆ ಎಷ್ಟು ದೊಡ್ಡದು ಎಂಬ ಪ್ರಶ್ನೆಯನ್ನು ಕೃತಿಯೊಳಗೇ ಹುದುಗಿಸಿಟ್ಟದ್ದು ಕಾದಂಬರಿಕಾರರ ದೊಡ್ಡತನ.

ನವ್ಯದ ಇನ್ನೊಂದು ಕವಲು ನಗರದ್ದು. ಯಶವಂತ ಚಿತ್ತಾಲರ ‘ಶಿಕಾರಿ’ (1979) ಮುಂಬಯಿಯ ಕಂಪನಿಯೊಂದರ ಅಧಿಕಾರಿ ನಾಗಪ್ಪನ ಮೇಲೆ ಇದ್ದಕ್ಕಿದ್ದಂತೆ ಬಂದೆರಗುವ ವಿಚಾರಣೆಯ ಕಥೆ. ಚಿತ್ತಾಲರು ಸ್ವತಃ ಅಲ್ಲಿನ ಉದ್ಯಮದಲ್ಲಿ ದುಡಿದವರು. ಆಫೀಸಿನ ಸಂಚು, ಅನುಮಾನ, ಬಡ್ತಿಯ ಲೆಕ್ಕಾಚಾರಗಳು ಅಲ್ಲಿ ನಂಬುವಂತೆ ಬರುವುದು ಅದರಿಂದಲೇ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಇದರ ಹಿಂಬಾಲಕ ಎಂದೇ ಓದಬಹುದು. ನಾಗಪ್ಪನಿಗೆ ಭಯ ಕಂಪನಿಯಿಂದ ಬರುತ್ತದೆ. ಶಾನಭಾಗರ ನಿರೂಪಕನಿಗೆ ಅದು ಊಟದ ಮನೆಯಲ್ಲೇ ಕೂತಿದೆ. ಹಳೆಯ ಬಾಡಿಗೆ ಮನೆಯಲ್ಲಿ ಇರುವೆಗಳ ಜೊತೆ ಕಾದಾಡುತ್ತಿದ್ದ ಸಂಸಾರ ಚಿಕ್ಕಪ್ಪನ ಮಸಾಲೆಪುಡಿ ವ್ಯಾಪಾರದಿಂದ ಏಕಾಏಕಿ ಹಣ ಕಾಣುತ್ತದೆ. ಆಮೇಲೆ ಆ ಹಣವನ್ನು ಕಾಯುವುದಕ್ಕಾಗಿ ಎಲ್ಲರೂ ಒಂದಾಗುತ್ತಾರೆ. ಇರುವೆ ಹೊಸಕಿದ ಕೈಗಳು ಮುಂದೆ ಏನನ್ನು ಹೊಸಕಬಲ್ಲವು ಎಂಬುದನ್ನು ಕಾದಂಬರಿ ಬಾಯಿಬಿಟ್ಟು ಹೇಳುವುದಿಲ್ಲ. 1991ರ ನಂತರದ ಬೆಂಗಳೂರಿನ ಬಗ್ಗೆ ಬಂದ ದಪ್ಪ ಪುಸ್ತಕಗಳಿಗಿಂತ ಈ ತೆಳು ಪುಸ್ತಕ ಹೆಚ್ಚು ಹೇಳುತ್ತದೆ. ಶ್ರೀನಾಥ ಪೇರೂರರ ಅನುವಾದದಿಂದ ಅದು ಹೊರದೇಶಗಳಲ್ಲಿಯೂ ಓದುಗರನ್ನು ಪಡೆದಿದೆ.

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ನವ್ಯದ ಒಂಟಿತನಕ್ಕೆ ಬೆನ್ನು ಹಾಕಿ ಮೂಡಿಗೆರೆಯ ಕಾಡಿಗೆ ಹೊರಟಿತು. ಹಾರುವ ಓತಿಯೊಂದನ್ನು ಅರಸುತ್ತ ವಿಜ್ಞಾನಿ, ರೈತ, ಜೇನು ಕೀಳುವ ಮಂದಣ್ಣ, ಬಿರ್ಯಾನಿ ಕರಿಯಪ್ಪ, ಅಡುಗೆಯ ಪ್ಯಾರ, ಕಿವಿ ಎಂಬ ನಾಯಿ ಎಲ್ಲರೂ ಒಟ್ಟಿಗೆ ನಡೆಯುತ್ತಾರೆ. ಊರವರ ಕಣ್ಣಿಗೆ ಅಪ್ರಯೋಜಕನಾದ ಮಂದಣ್ಣನಲ್ಲಿ ಕರ್ವಾಲೊ ಒಬ್ಬ ಹುಟ್ಟು ನಿಸರ್ಗತಜ್ಞನನ್ನು ಕಾಣುತ್ತಾರೆ. ಕನ್ನಡದಲ್ಲಿ ಓದುವ ಹವ್ಯಾಸವೇ ಇಲ್ಲದಿದ್ದ ಎಷ್ಟೋ ಯುವಕರನ್ನು ಪುಸ್ತಕಕ್ಕೆ ಅಂಟಿಸಿದ್ದು ಈ ಕಾದಂಬರಿ. ಇದರ ಹಿಂದೆ ಕಾರಂತರ ‘ಬೆಟ್ಟದ ಜೀವ’ (1943) ಇದೆ: ಪಶ್ಚಿಮಘಟ್ಟದ ತಪ್ಪಲಲ್ಲಿ ಕಾಡು ಕಡಿದು ತೋಟ ಮಾಡಿದ ಗೋಪಾಲಯ್ಯನ ಕಥೆ. ಅಲ್ಲಿ ಕಾಡು ಎದುರಾಳಿ, ಅದನ್ನು ಗೆದ್ದವನು ದೊಡ್ಡ ಮನುಷ್ಯ. ತೇಜಸ್ವಿಯವರಲ್ಲಿ ಕಾಡು ಗೆಲ್ಲುವ ವಸ್ತುವಾಗಿ ಉಳಿದಿಲ್ಲ. ಓತಿಯೂ ಕೈಗೆ ಸಿಗುವುದಿಲ್ಲ. ಎರಡನ್ನೂ ಬೆನ್ನುಬೆನ್ನಿಗೆ ಓದಿದರೆ ನಲವತ್ತು ವರ್ಷಗಳಲ್ಲಿ ಮಲೆನಾಡಿನ ಮನಸ್ಸು ಎಷ್ಟು ಹೊರಳಿದೆ ಎಂಬುದು ಯಾವ ಪರಿಸರ ವರದಿಗಿಂತಲೂ ಚೆನ್ನಾಗಿ ತಿಳಿಯುತ್ತದೆ.

ಚಾರಿತ್ರಿಕ ಕಾದಂಬರಿಗಳ ಓದು ಹೆಚ್ಚು ಜಗಳದ್ದು. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ (1956) ಕೊಡಗಿನ ಕೊನೆಯ ಅರಸನ ಪತನವನ್ನು ಹೇಳುವಾಗ ದೋಷವನ್ನು ಬ್ರಿಟಿಷರ ಮೇಲಷ್ಟೇ ಹೊರಿಸುವುದಿಲ್ಲ. ಆ ಅರಸನ ಚಿತ್ರಣಕ್ಕೆ ಆಕ್ಷೇಪಗಳೂ ಬಂದಿವೆ. ತ.ರಾ.ಸು. ಅವರ ‘ದುರ್ಗಾಸ್ತಮಾನ’ ಚಿತ್ರದುರ್ಗದ ಮದಕರಿನಾಯಕನ ಸೋಲನ್ನು ಊರಿನ ಮಗನೊಬ್ಬನ ಅಭಿಮಾನದಿಂದ ಬರೆಯುತ್ತದೆ. ಎಸ್.ಎಲ್. ಭೈರಪ್ಪನವರ ‘ಪರ್ವ’ (1979) ಮಹಾಭಾರತದಿಂದ ಪವಾಡಗಳನ್ನೆಲ್ಲ ಕಳಚಿ, ದಣಿದ, ವಯಸ್ಸಾದ ಮನುಷ್ಯರ ನೆನಪುಗಳಾಗಿ ಅದನ್ನು ಮರುಕಟ್ಟಿತು. ಅವರದೇ ‘ಆವರಣ’ (2007) ಭಾರೀ ಮಾರಾಟವನ್ನೂ ಅಷ್ಟೇ ಭಾರೀ ವಿರೋಧವನ್ನೂ ಕಂಡಿತು. ವಸುಧೇಂದ್ರ ಅವರ ‘ತೇಜೋ ತುಂಗಭದ್ರಾ’ (2019) ಹದಿನೈದು-ಹದಿನಾರನೆಯ ಶತಮಾನಗಳ ಲಿಸ್ಬನ್, ಗೋವಾ, ವಿಜಯನಗರಗಳನ್ನು ಒಂದೇ ಕಥೆಯಲ್ಲಿ ಹೆಣೆದು, ಧರ್ಮದ ಹೆಸರಿನ ಕ್ರೌರ್ಯ ಯಾರೊಬ್ಬರ ಸೊತ್ತೂ ಅಲ್ಲ ಎಂದು ತೋರಿಸುತ್ತದೆ. ಇಂಥ ಕೃತಿಗಳಲ್ಲಿ ಆಧಾರಗಳು ಸರಿಯೇ ತಪ್ಪೇ ಎಂಬ ಚರ್ಚೆ ಬೇಗ ಕಾವೇರುತ್ತದೆ. ಕಾದಂಬರಿಯಾಗಿ ಅವುಗಳನ್ನು ಅಳೆಯುವ ಪ್ರಶ್ನೆ ಬೇರೆ: ಲೇಖಕರು ಒಪ್ಪದ ಪಾತ್ರಕ್ಕೂ ತನ್ನ ಮಾತನ್ನು ಪೂರ್ತಿ ಆಡುವ ಅವಕಾಶ ಇದೆಯೇ? ಈ ಪರೀಕ್ಷೆಯಲ್ಲಿ ‘ಪರ್ವ’ ಸುಲಭವಾಗಿ ಗೆಲ್ಲುತ್ತದೆ, ‘ಆವರಣ’ ಸೋಲುತ್ತದೆ.

ಓದುಗರನ್ನು ಬೆಳೆಸಿದ ವ್ಯವಸ್ಥೆಗಳ ಋಣವೂ ದೊಡ್ಡದು. ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರ ಮನೆಗೇ ಪುಸ್ತಕ ತಲುಪಿಸಿತು. ಅ.ನ.ಕೃ. ನೂರಕ್ಕೂ ಹೆಚ್ಚು ಕಾದಂಬರಿ ಬರೆದು ಓದುವುದನ್ನು ಜನರ ಚಟವಾಗಿಸಿದರು. ‘ಪ್ರಜಾಮತ’, ‘ಸುಧಾ’, ‘ತರಂಗ’ ವಾರಪತ್ರಿಕೆಗಳ ಧಾರಾವಾಹಿಗಳು ಹಾಗೂ ಬಡಾವಣೆಗಳ ಬಾಡಿಗೆ ಲೈಬ್ರರಿಗಳು ಗೃಹಿಣಿಯರ ಒಂದು ದೊಡ್ಡ ಓದುಗ ವರ್ಗವನ್ನು ಕಟ್ಟಿದವು. ತ್ರಿವೇಣಿ, ಎಂ.ಕೆ. ಇಂದಿರಾ, ವಾಣಿ, ಅನುಪಮಾ ನಿರಂಜನ ಆ ವರ್ಗದ ಪ್ರೀತಿಯ ಲೇಖಕಿಯರು. ವಿಮರ್ಶೆ ಇವರನ್ನು ಜನಪ್ರಿಯ ಎಂಬ ಹಣೆಪಟ್ಟಿಯಡಿ ಬಹಳ ಕಾಲ ಬದಿಗಿಟ್ಟಿತು. ಅದು ಅನ್ಯಾಯ. ತ್ರಿವೇಣಿಯವರ ‘ಶರಪಂಜರ’ದಲ್ಲಿ ಬಾಣಂತನದ ನಂತರ ಮನಸ್ಸು ಕದಡಿದ ಕಾವೇರಿ ಗುಣವಾಗಿ ಮನೆಗೆ ಬಂದರೂ ಗಂಡ, ನೆರೆಹೊರೆ ಯಾರೂ ಅವಳನ್ನು ಗುಣವಾದವಳೆಂದು ನಂಬುವುದಿಲ್ಲ, ಆ ಅಪನಂಬಿಕೆಯೇ ಅವಳನ್ನು ಮತ್ತೆ ಆಸ್ಪತ್ರೆಗೆ ಕಳಿಸುತ್ತದೆ. ಮನೋರೋಗದ ಬಗ್ಗೆ ಇಷ್ಟು ನಿಖರವಾಗಿ ಬರೆದ ತ್ರಿವೇಣಿ ತಮ್ಮ ಮೂವತ್ತೈದನೇ ವಯಸ್ಸಿನ ಆಸುಪಾಸಿನಲ್ಲಿ, 1963ರಲ್ಲಿ, ತೀರಿಕೊಂಡರು. 1971ರ ಪುಟ್ಟಣ್ಣ ಕಣಗಾಲರ ಸಿನಿಮಾ ಕಾವೇರಿಯನ್ನು ಮನೆಮಾತಾಗಿಸಿತು.

ಈಗಿನ ಕಾದಂಬರಿಯ ಭೂಗೋಳ ಹರಡಿಕೊಂಡಿದೆ. ಗೀತಾ ನಾಗಭೂಷಣರ ‘ಬದುಕು’ ಕಲಬುರಗಿ ಸೀಮೆಯ ತಳವರ್ಗದ ಹೆಣ್ಣುಗಳನ್ನು ಅವರ ನುಡಿಯಲ್ಲೇ ತಂದರೆ, ಕುಂ. ವೀರಭದ್ರಪ್ಪನವರ ‘ಅರಮನೆ’ ಬಳ್ಳಾರಿ ಸೀಮೆಯ ದಂತಕಥೆಗಳನ್ನು ಒಂದು ಮಹಾಗದ್ದಲವಾಗಿ ಕಟ್ಟುತ್ತದೆ. ಗೋಪಾಲಕೃಷ್ಣ ಪೈ ಅವರ ‘ಸ್ವಪ್ನ ಸಾರಸ್ವತ’ ಗೋವಾದಿಂದ ವಲಸೆ ಬಂದ ಸಮುದಾಯದ ತಲೆಮಾರುಗಳನ್ನು ಹಿಂಬಾಲಿಸುತ್ತದೆ. ಬೊಳುವಾರು ಮಹಮದ್ ಕುಂಞಿಯವರ ‘ಸ್ವಾತಂತ್ರ್ಯದ ಓಟ’ ದೇಶವಿಭಜನೆಯ ಗಾಯವನ್ನು ಕರಾವಳಿಯ ಮುಸ್ಲಿಂ ಹಳ್ಳಿಯವರೆಗೆ ಎಳೆದು ತರುತ್ತದೆ. ಈ ನಾಲ್ಕಕ್ಕೂ ಅಕಾಡೆಮಿ ಪ್ರಶಸ್ತಿ ಸಂದಿದೆ, ಆದರೂ ತರಗತಿಗಳಾಚೆ ಇವುಗಳ ಬಗ್ಗೆ ಆಗಬೇಕಾದಷ್ಟು ಚರ್ಚೆ ಆಗಿಲ್ಲ. ಅಮೆರಿಕದಲ್ಲಿ ವೈದ್ಯರಾಗಿರುವ ಗುರುಪ್ರಸಾದ ಕಾಗಿನೆಲೆಯವರ ‘ಹಿಜಾಬ್’ ಅಲ್ಲಿನ ಸಣ್ಣ ಊರಿನ ಆಸ್ಪತ್ರೆಯಲ್ಲಿ ವಲಸೆ ಬಂದ ಮುಸ್ಲಿಂ ಹೆಂಗಸರು ಮತ್ತು ಕನ್ನಡದ ವೈದ್ಯರು ಎದುರುಬದುರಾಗುವ ಸನ್ನಿವೇಶವನ್ನು ಎತ್ತಿಕೊಳ್ಳುತ್ತದೆ. ಹೆರಿಗೆಕೋಣೆಯ ಬಾಗಿಲಲ್ಲಿ ನಂಬಿಕೆ ಮತ್ತು ವೈದ್ಯಶಾಸ್ತ್ರ ಮುಖಾಮುಖಿಯಾದಾಗ ಯಾರ ಮಾತು ನಡೆಯಬೇಕು ಎಂಬುದು ಅಲ್ಲಿನ ಜಟಿಲ ಪ್ರಶ್ನೆ. ವೈದ್ಯರೂ ಆ ನೆಲಕ್ಕೆ ಹೊರಗಿನವರೇ ಆದ್ದರಿಂದ ಯಾವ ಉತ್ತರವೂ ಅವರಿಗೆ ಹಗುರವಾಗಿ ಸಿಗುವುದಿಲ್ಲ.